ಒಂದನೇ ಕ್ಲಾಸಿನಲ್ಲಿ ಕಲಿತ ತುಳು

ಹೊಸ ಭಾಷೆ ಕಲಿಯುವುದು ಹೇಗೆಂದು ಯಾರಾದರೂ ಕೇಳಿದರೆ ನನಗೆ ಈಗಲೂ ಹುಮ್ಮಸ್ಸು ಬರುತ್ತದೆ. ಸೋತುಹೋದ ವಿಧಾನಗಳೆಲ್ಲ ನನಗೆ ಬಾಯಿಪಾಠ.

ತೊಂಬತ್ತರ ದಶಕದ ಕೊನೆಯಲ್ಲಿ ಗದಗದ ಕಡೆಯಿಂದ ಎಲ್ಲೂರಿನ ಹತ್ತಿರದ ಒಂದು ಶಾಲೆಗೆ ಟೀಚರಾಗಿ ಬಂದೆ. ಕಾಪುವಿನಲ್ಲಿ ಬಾಡಿಗೆ ಕೋಣೆ. ಬಂದ ವಾರವೇ ಉಡುಪಿಗೆ ಹೋಗಿ, ಮೂವತ್ತು ದಿನಗಳಲ್ಲಿ ತುಳು ಕಲಿಸುವ ಪುಸ್ತಕವೊಂದನ್ನು ಕೊಂಡೆ. ಮೂವತ್ತನೆಯ ದಿನಕ್ಕೆ ನನಗೆ ಚೆನ್ನಾಗಿ ಬರುತ್ತಿದ್ದದ್ದು ಆ ಪುಸ್ತಕಕ್ಕೆ ಬೈಂಡು ಹಾಕುವುದು ಮಾತ್ರ. ಆಮೇಲೆ ಗೋಡೆಗೆ ಶಬ್ದಗಳ ಚೀಟಿ ಅಂಟಿಸಿದೆ. ಮಳೆಗಾಲದ ತೇವಕ್ಕೆ ಒಂದೊಂದಾಗಿ ಉದುರಿದವು. ಜನರೊಡನೆ ಮಾತಾಡಿದರೆ ಭಾಷೆ ತಾನಾಗಿ ಬರುತ್ತದೆ ಎನ್ನುತ್ತಾರಲ್ಲ, ಅದನ್ನೂ ಮಾಡಿದೆ. ಆದರೆ ಈ ಊರಿನವರ ಮರ್ಯಾದೆ ನಿಮಗೆ ಗೊತ್ತಿರಲಿಕ್ಕಿಲ್ಲ. ತುಳು ಬಾರದವರು ಎದುರಿಗೆ ಬಂದರೆ ಸಾಕು, ತಟ್ಟನೆ ಕನ್ನಡಕ್ಕೆ ಹೊರಳುತ್ತಾರೆ. ನಾನು ಬಸ್ಸಿನಲ್ಲಿ ಬೆವರು ಸುರಿಸಿ ಒಂದು ತುಳು ವಾಕ್ಯ ಜೋಡಿಸುವುದರೊಳಗೆ ಕಂಡಕ್ಟರು, "ಕನ್ನಡದಲ್ಲಿಯೇ ಹೇಳಿ ಟೀಚರ್, ತೊಂದರೆ ಇಲ್ಲ. ಎಲ್ಲಿ ಇಳಿಯಲಿಕ್ಕೆ ಉಂಟು?" ಎನ್ನುತ್ತಿದ್ದರು. ಇಂಥ ಸಜ್ಜನರ ನಡುವೆ ಭಾಷೆ ಕಲಿಯುವುದು ಬಹಳ ಕಷ್ಟ.

ಒಂದನೇ ತರಗತಿಯ ವಿನುತಾಳಿಗೆ ಮಾತ್ರ ಆ ಉಪಕಾರ ಮಾಡಲು ಬರುತ್ತಿರಲಿಲ್ಲ. ಮನೆಯಲ್ಲಿ ತುಳು ಬಿಟ್ಟು ಬೇರೇನೂ ಕೇಳಿದವಳಲ್ಲ. ಪಾಠದ ಪುಸ್ತಕದ ಕನ್ನಡ ಒಂದು ಬಗೆ, "ಬರ್ರಿ, ಇಲ್ಲಿ ಕುಂದರ್ರಿ" ಎನ್ನುವ ನನ್ನ ಕನ್ನಡ ಇನ್ನೊಂದು ಬಗೆ. ಇವೆರಡರ ನಡುವೆ ಆ ಮಗು ಎರಡು ತಿಂಗಳು ಬಾಯಿಯನ್ನೇ ಬಿಡಲಿಲ್ಲ. ಬೀಡಿ ಕಟ್ಟುವ ಅವಳ ತಾಯಿ ಒಂದು ದಿನ ಬಾಗಿಲಲ್ಲೇ ನಿಂತು, "ಇವಳ ತಲೆಗೆ ಎಂತದೂ ಹೋಗುವುದಿಲ್ಲ ಟೀಚರ್. ಬೆಳಿಗ್ಗೆ ಎದ್ದರೆ ಅಳುವುದೇ. ದಸರಾ ರಜೆಯವರೆಗೆ ನೋಡಿ ಬಿಡಿಸುತ್ತೇನೆ" ಎಂದರು. ತಲೆಗೆ ಹೋಗದೆ ಇದ್ದದ್ದು ಅವಳಿಗೋ ನನಗೋ?

ಮರುದಿನ ಪ್ರಾಣಿಗಳ ಚಿತ್ರಪಟ ತೂಗುಹಾಕಿ, ಮಕ್ಕಳ ಸಾಲಿನಲ್ಲಿ ಹೋಗಿ ಮಣೆಯ ಮೇಲೆ ಕುಳಿತೆ. ಮೊದಲು ಅವರು ನನಗೆ ತುಳು ಕಲಿಸಬೇಕು, ಆಮೇಲೆ ಅದೇ ಶಬ್ದವನ್ನು ನಾನು ಅವರಿಗೆ ಕನ್ನಡದಲ್ಲಿ ಕಲಿಸುವುದು ಎಂದು ಒಪ್ಪಂದವಾಯಿತು. ಒಂದು ಸುತ್ತು ಪಾಠವಾದ ಮೇಲೆ ನಾನು ಎದ್ದು, ಬೆಕ್ಕಿನ ಚಿತ್ರ ತೋರಿಸಿ, ಧೈರ್ಯವಾಗಿ "ಪೆತ್ತ" ಎಂದೆ. ಪೆತ್ತ ಎಂದರೆ ಹಸು.

"ಅತ್ತ್! ಪುಚ್ಚೆ!" ಎಂದು, ಅಲ್ಲವೇ ಅಲ್ಲ ಎನ್ನುವಂತೆ, ಹಿಂದಿನಿಂದ ಯಾರೋ ಗದರಿದರು. ನೋಡಿದರೆ ವಿನುತಾ. ಇಷ್ಟು ದೊಡ್ಡ ಹೆಂಗಸು ಇಷ್ಟು ಸಣ್ಣದನ್ನು ತಪ್ಪು ಹೇಳುವುದನ್ನು ಅವಳಿಂದ ಸಹಿಸಲಾಗಲಿಲ್ಲ. ನನ್ನಿಂದ ಹತ್ತು ಸಲ "ಪುಚ್ಚೆ" ಹೇಳಿಸಿದಳು. ನಾನು ಹತ್ತು ಸಲ "ಬೆಕ್ಕು" ಹೇಳಿಸಿ ಸಮ ಮಾಡಿಕೊಂಡೆ. ಮೊದಲ ದಿನದ ತಪ್ಪು ನಿಜವಾದದ್ದು. ಆಮೇಲಿನ ಕೆಲವನ್ನು ಬೇಕೆಂದೇ ಮಾಡಿದೆ ಎಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ. ವ್ಯಾಕರಣದಲ್ಲಿ ಪ್ರಥಮ, ಮಧ್ಯಮ, ಉತ್ತಮ ಎಂದು ಮೂರು ಪುರುಷರಿದ್ದಾರೆ. ಅದು ತಪ್ಪು ಎಂದು ಗದರುವವರು ಅವರಲ್ಲಿ ಇಲ್ಲ. ಭಾಷೆ ಕಲಿಯುವವರಿಗೆ ಎಲ್ಲರಿಗಿಂತ ಮೊದಲು ಬೇಕಾದವರು ಅವರೇ.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ, ವಿನುತಾಳ ತಾಯಿ ಬಾಗಿಲಲ್ಲಿ ಕಾಣಿಸಿಕೊಂಡರು. ಬಿಡಿಸಲಿಕ್ಕೇ ಬಂದರೆಂದುಕೊಂಡೆ. ಅವರ ಸೆರಗಿನ ಹಿಂದೆ, ಕಿವಿಯವರೆಗೆ ಮಫ್ಲರು ಸುತ್ತಿಕೊಂಡು ವಿನುತಾ ನಿಂತಿದ್ದಳು.

"ನಿನ್ನೆಯಿಂದ ಜ್ವರ ಉಂಟು ಟೀಚರ್. ಎರಡು ದಿನ ಮಲಗು ಎಂದರೆ ಕೇಳುವುದಿಲ್ಲ" ಎಂದರು ತಾಯಿ. "ನಾನು ಹೋಗದಿದ್ದರೆ ಟೀಚರಿಗೆ ಯಾರು ಹೇಳಿಕೊಡುವುದು, ಪಾಪ, ಅವರಿಗೆ ಎಂತದೂ ಬರುವುದಿಲ್ಲ, ಅಂತ ಹೇಳ್ತಾಳೆ."