ಬಾರದವರ ಮನೆಗೆ ಹೋಗುತ್ತಿದ್ದ ಮಾಸ್ಟ್ರು

ಬಿಳಿ ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ ಬೆನ್ನುದ್ದಕ್ಕೂ ನೇತಾಡುತ್ತಿತ್ತು. ಬಲಗೈ ಬೆರಳುಗಳಲ್ಲಿ ಸದಾ ಸೀಮೆಸುಣ್ಣದ ಪುಡಿ. ಗುರುವಾಯನಕೆರೆಯಾಚೆಗಿನ ನಮ್ಮ ಶಾಲೆಯಿಂದ ಸಂಜೆ ಹೊರಟ ಮಾಸ್ಟ್ರು ನೆಟ್ಟಗೆ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ. ಅಂದು ಶಾಲೆಗೆ ಬಾರದ ಮಕ್ಕಳ ಮನೆಗಳಿಗೆ ಹೋಗಿ, ಕಾರಣ ಕೇಳಿಯೇ ಅವರು ಬಸ್ಸು ಹತ್ತುತ್ತಿದ್ದದ್ದು.

ಏಳನೆಯ ತರಗತಿಯಲ್ಲಿ ನಾನೇ ಒಂದು ವಾರ ಹೋಗಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಲು ಜನ ಬೇಕಿತ್ತು. ಹುಡುಗಿ ಓದಿದ್ದು ಸಾಕೆಂದು ಮನೆಯಲ್ಲಿ ತೀರ್ಮಾನವೂ ಆಗಿತ್ತು. ಮಾಸ್ಟ್ರು ಬಂದರು. ಉಪದೇಶ ಮಾಡಲಿಲ್ಲ. ಜಗಲಿಯಲ್ಲಿ ಕುಳಿತು, ಕತ್ತರಿ ಕೇಳಿ ಪಡೆದು, ತಾವೇ ಎಲೆ ಕತ್ತರಿಸತೊಡಗಿದರು. ಹತ್ತರಲ್ಲಿ ಎಂಟು ಹಾಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಇದು ನಿಮಗೆ ಹೇಳಿದ್ದಲ್ಲ ಮಾಸ್ಟ್ರೇ. ಅವಳನ್ನು ನಾಳೆ ಕಳಿಸ್ತೇನೆ, ನೀವೊಮ್ಮೆ ಕತ್ತರಿ ಕೆಳಗಿಡಿ," ಎಂದರು.

ನಾನಿವತ್ತು ಟೀಚರ್ ಆಗಿದ್ದರೆ ಅದು ಆ ಹಾಳಾದ ಎಲೆಗಳ ಪುಣ್ಯ.

ಮುಂದೆ ಅವರು ಶಾಸಕರಾದರು. ಕಾರು ಬಂತು, ಹಿಂದೆ ಮುಂದೆ ಜನ ಬಂದರು. ಹಳೆಯ ಚಾಳಿ ಮಾತ್ರ ಬಿಡಲಿಲ್ಲ. ಊರಿನ ಸಭೆ ಮುಗಿದೊಡನೆ ಯಾರು ಬಂದಿಲ್ಲವೆಂದು ವಿಚಾರಿಸಿ ಅವರ ಮನೆಗೇ ನಡೆಯುತ್ತಿದ್ದರು. ಅವರೆಲ್ಲ ಎದುರು ಪಕ್ಷದವರೆಂದು ಜೊತೆಯವರು ತಲೆ ಚಚ್ಚಿಕೊಂಡರೆ, "ಬಂದವರು ಅವರ ಕಷ್ಟ ಹೇಳಿಯಾಯ್ತು ಮಾರಾಯ. ಬಾರದವರದ್ದು ಕೇಳುವುದು ಯಾರು?" ಎನ್ನುತ್ತಿದ್ದರು. ಮುಂಡಾಜೆಯ ಒಳಗಿನ ಗುಡ್ಡೆಯೊಂದಕ್ಕೆ ಕಾಲುಸಂಕ ಆದದ್ದು, ತುಂಬಿ ಹರಿಯುವ ತೋಡು ದಾಟಲಾಗದೆ ಸಭೆ ತಪ್ಪಿಸಿಕೊಂಡ ಅಜ್ಜಿಯೊಬ್ಬರ ಮನೆಗೆ ಅವರು ಹೋದ ಮೇಲೆಯೇ.

ಆ ಗುಡ್ಡೆಯ ಶಾಲೆಗೆ ನಾನೊಬ್ಬಳೇ ಟೀಚರ್. ಗಂಡನ ಮನೆ ಇದ್ದದ್ದು ದೂರದ ಫರಂಗಿಪೇಟೆಯಲ್ಲಿ; ಕೈಯಲ್ಲಿ ಎಳೆಮಗು ಬೇರೆ. ವರ್ಗಾವಣೆಗೊಂದು ಶಿಫಾರಸು ಪತ್ರ ಕೇಳಲು ಹೋದೆ. ನನ್ನ ಮಾಸ್ಟ್ರು, ಇಲ್ಲವೆನ್ನುವರೇ ಎಂಬ ಧೈರ್ಯ.

"ನೀನು ಬಿಟ್ಟರೆ ಅಲ್ಲಿಗೆ ಹೋಗುವವರು ಯಾರುಂಟು? ಒಬ್ಬರ ಹೆಸರು ಹೇಳು, ಈಗಲೇ ಬರೆದು ಕೊಡ್ತೇನೆ," ಎಂದರು.

ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮುಂದಿನ ಚುನಾವಣೆಯಲ್ಲಿ, ಎಳೆಮಗುವಿದ್ದ ಕಾರಣ ನನಗೆ ಮತಗಟ್ಟೆಯ ಡ್ಯೂಟಿ ಇರಲಿಲ್ಲ. ಮತ ಹಾಕಲೂ ಹೋಗದೆ ಬೇಕೆಂದೇ ಮನೆಯಲ್ಲಿ ಕುಳಿತೆ. ಅವರು ಸೋತರು.

ವಾರ ಕಳೆದು ಒಬ್ಬರೇ ಬಸ್ಸಿನಲ್ಲಿ ಮುಂಡಾಜೆಯ ನನ್ನ ಬಾಡಿಗೆ ಮನೆಗೆ ಬಂದರು. ಮತ ಹಾಕಿದವರ ಹೆಸರಿಗೆ ಅವರ ಪಕ್ಷದವರು ಗೆರೆ ಎಳೆದ ಪಟ್ಟಿಯನ್ನು ನೋಡಿದ್ದರಂತೆ.

"ನಿನ್ನ ಹೆಸರಿಗೆ ಗೆರೆ ಇರಲಿಲ್ಲ. ಮಗುವಿಗೆ ಹುಷಾರಿಲ್ವೋ ಏನೋ, ನೋಡಿಕೊಂಡು ಹೋಗುವ ಅಂತ ಬಂದೆ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು ಎಂದು ಅಳುತ್ತ ಹೇಳಿಬಿಟ್ಟೆ. ಅವರು ನಿಧಾನಕ್ಕೆ ಚಹಾ ಮುಗಿಸಿದರು.

"ಆ ಸಿಟ್ಟಿನಲ್ಲಿ ಶಾಲೆಗೆ ರಜೆ ಹಾಕಲಿಲ್ಲವಲ್ಲ, ಸಾಕು."

ಆ ಶಾಲೆ ಇಂದಿಗೂ ನಡೆಯುತ್ತಿದೆ, ನಾನೂ ಅಲ್ಲೇ ಇದ್ದೇನೆ. ಮಾಸ್ಟ್ರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೂಡುಬಿದಿರೆಯ ಮಗಳ ಮನೆಯಲ್ಲಿದ್ದವರು ಕಳೆದ ವರ್ಷ ತೀರಿಕೊಂಡರು. ನನ್ನ ಬದುಕಿಗೇ ದಾರಿ ಮಾಡಿಕೊಟ್ಟವರು ಅವರು. ಅವರಿಗೆ ನಾನು ಕೊಡಬಹುದಾಗಿದ್ದದ್ದು ಒಂದೇ ಒಂದು ಮತ. ಅದು ನನ್ನ ಕೈಯಲ್ಲೇ ಉಳಿದುಹೋಯಿತು.