ಒಲೆಯ ಸುತ್ತ ಮೂರು ಸುತ್ತು

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಐದೂವರೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಗ್ರಿಲ್ ಬಾಗಿಲಿಗೆ ಮೂತಿ ಒತ್ತಿ ಕುಳಿತ ಬೆಕ್ಕು. ನಾಯಿ ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಅದರ ಸರಪಳಿಯ ಸದ್ದು ಮಾತ್ರ ಮೇಲಕ್ಕೆ ಬರುತ್ತಿತ್ತು.

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಹೊತ್ತು ಹೇಳದೆ ಮಾತು ಶುರು ಮಾಡಲು ಬರುವುದಿಲ್ಲ. ಮೊದಲು ಕುಕನೂರಿನ ಮನೆಯಲ್ಲಿ ಐದೂವರೆಗೆ ಬಾಗಿಲು ತೆಗೆದರೆ ನಾಯಿ ಮುಂದೆ, ನಾನು ನಡುವೆ, ಬೆಕ್ಕು ಹಿಂದೆ. ಬೆಕ್ಕು ಓಣಿಯ ತುದಿಯ ಬೇವಿನ ಮರದವರೆಗೆ ಬಂದು ಕೂರುತ್ತಿತ್ತು. ನಾಯಿ ಮತ್ತು ನಾನು ತಿರುಗಾಡಿ ಬಂದ ಮೇಲೆ ಮೂವರೂ ಸೇರಿ ಮನೆಗೆ. ಆಮೇಲೆ ಅವೆರಡೂ ಸ್ನಾನದ ಹಂಡೆಯ ಒಲೆಯ ಮುಂದೆ ಒಂದರ ಮೇಲೊಂದು ಬಿದ್ದುಕೊಂಡು ಬೂದಿಯ ಕಾವಿಗೆ ಮೈ ಕಾಯಿಸುತ್ತಿದ್ದವು.

ಹೆಂಡತಿಯ ಕಣ್ಣಿನ ಚಿಕಿತ್ಸೆಗೆ ಮೇಲಿಂದ ಮೇಲೆ ಕೊಪ್ಪಳಕ್ಕೆ ಬರಬೇಕಾಗಿದ್ದರಿಂದ ಇಲ್ಲೇ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದೆವು. ಸಾಮಾನಿನ ಗಾಡಿಯಲ್ಲಿ ನಾಯಿ ಡ್ರೈವರನ ಪಕ್ಕ ಕುಳಿತು ದಾರಿ ನೋಡುತ್ತ ಬಂತು. ಬೆಕ್ಕನ್ನು ಮಾತ್ರ ಜೋಳದ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ತಂದೆವು. ದಾರಿ ಕಂಡ ಬೆಕ್ಕು ತಿರುಗಿ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹಾಗೇ ತರುತ್ತಾರೆ. ನಾಯಿಗೆ ಮನುಷ್ಯರ ಋಣ, ಬೆಕ್ಕಿಗೆ ಮನೆಯ ಋಣ ಎಂದು ನನ್ನ ತಾಯಿ ಹೇಳುತ್ತಿದ್ದಳು. ಹಳೆಯ ಮನೆಗೆ ಈಗ ಬೀಗ. ನಡುವೆ ಹೆದ್ದಾರಿ. ಹೊರಟಿತೆಂದರೆ ಅದು ಬದುಕಿ ಮುಟ್ಟುವುದಿಲ್ಲ. ಕಣ್ಣು ತೆರೆಯದ ಮರಿಗೆ ಅರಳೆಯಲ್ಲಿ ಹಾಲು ಹಿಂಡಿ ಸಾಕಿದವಳು ನನ್ನ ಹೆಂಡತಿ.

ಅದಕ್ಕೇ ಗ್ರಿಲ್ ತೆಗೆಯುವುದಿಲ್ಲ ಎಂದು ನಿಯಮ ಮಾಡಿದೆ. ಮಂಗಗಳ ಕಾಟಕ್ಕೆ ಆ ಬಾಗಿಲು ಮೊದಲೇ ಇತ್ತು. ಸರಳುಗಳ ಸಂದಿಯಲ್ಲಿ ಮಂಗ ನುಸುಳದು, ಬೆಕ್ಕು ನುಸುಳೀತು ಎಂದು ಕೆಳಭಾಗಕ್ಕೆ ನಾನೇ ತಂತಿಯ ಜಾಳಿಗೆ ಬಿಗಿದೆ. ಹಾಲು, ಕಾಯಿಪಲ್ಯ ಎಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ನಾಯಿಯ ರೊಟ್ಟಿ ಅದೇ ಬುಟ್ಟಿಯಲ್ಲಿ ಕೆಳಗೆ ಇಳಿಯುತ್ತಿತ್ತು. ನಾನು ವರಾಂಡದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದು ವಾಯುವಿಹಾರ ಮುಗಿಸುತ್ತಿದ್ದೆ. ತಿರುಗುವಾಗಲೆಲ್ಲ ಬೆಕ್ಕು ನನ್ನನ್ನು ನೋಡುತ್ತಿತ್ತು.

ನಾಯಿಯನ್ನು ಮೇಲೆ ತರುವಂತಿರಲಿಲ್ಲ. ಕೆಳಗಿನ ಮನೆಯ ಯಜಮಾನಿ ಶಾಲೆ ಮಕ್ಕಳ ಬಟ್ಟೆ ಹೊಲಿಯುವವರು. ನನ್ನ ಹೆಂಡತಿ ಅವರನ್ನು ಅಕ್ಕ ಎನ್ನುವಂತೆ ಆಪಾ ಎಂದು ಕರೆಯುತ್ತಾಳೆ. ಬಂದ ದಿನವೇ ಹೇಳಿದ್ದರು: "ಬೆಕ್ಕು ಎಲ್ಲಿ ಬೇಕಾದ್ರೂ ಇರಲಿ ಅಣ್ಣಾರ. ನಾಯಿ ಮೆಟ್ಟಿಲ ಮ್ಯಾಲೆ ಬ್ಯಾಡ್ರಿ. ನಮಾಜಿನ ಬಟ್ಟಿ ಒಣಗಿ ಹಾಕಾಕ ಇದ ಮೆಟ್ಟಿಲ ಹತ್ತಬೇಕು ನಾ." ಮಾತು ಸರಿಯಾಗಿತ್ತು. ಒಪ್ಪಿದೆ.

ಆದರೆ ಬೆಕ್ಕು ಹಾಲು ಮುಟ್ಟುತ್ತಿರಲಿಲ್ಲ, ಕೆಳಗೆ ನಾಯಿ ರೊಟ್ಟಿ ಮೂಸಿ ಬಿಡುತ್ತಿತ್ತು. ಮಂಗಳವಾರ ಕಣ್ಣಿನ ಡಾಕ್ಟರು ಬರಹೇಳಿದ್ದರು. ಗ್ರಿಲ್ ತೆಗೆಯಲೇಬೇಕು.

ಆ ಸೋಮವಾರ ಸಂಜೆ ಹೆಂಡತಿ ವರಾಂಡದ ಕಟಾಂಜನದ ಕಂಬಿಗೆ ಒರಗಿ ಕೆಳಗಿದ್ದ ಆಪಾರ ಮುಂದೆ ಇದನ್ನೆಲ್ಲ ತೋಡಿಕೊಂಡಳು.

"ಹೊಸ ಮನಿಗೆ ತಂದ ಬೆಕ್ಕನ್ನ ಒಲಿ ಸುತ್ತ ಮೂರು ಸುತ್ತು ತಿರುಗಿಸೀರೇನು?" ಎಂದರು ಆಪಾ ಕೆಳಗಿನಿಂದ. "ಇಲ್ಲಾ? ಮತ್ತ ಹೆಂಗ ನಿಂತೀತು! ತಡೀರಿ, ನಾನ ಬರ್ತೀನಿ."

ಅವರನ್ನು ಒಳಗೆ ಬಿಟ್ಟು ತಕ್ಷಣ ಬೀಗ ಹಾಕಿದೆ. ನಮ್ಮ ಗ್ಯಾಸಿನ ಒಲೆ ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆಯ ಮೇಲಿತ್ತು, ಸುತ್ತು ಹಾಕಲು ಜಾಗವಿಲ್ಲ. ರೆಗ್ಯುಲೇಟರ್ ಬಿಚ್ಚಿ, ಒಲೆಯನ್ನು ಎತ್ತಿ ಅಡಿಗೆಮನೆಯ ನಡುವೆ ನೆಲದ ಮೇಲಿಟ್ಟೆ. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿ ಹೊರಟೆ. ಎರಡನೇ ಸುತ್ತಿಗೆ ಅದು ಮುಂಗೈ ಪರಚಿತು.

"ಬಿಡಬ್ಯಾಡ್ರಿ, ಅರ್ಧಕ್ಕ ಬಿಟ್ರ ಅರ್ಧ ಮನಿ ಬೆಕ್ಕ ಆಗತೈತಿ!" ಎಂದರು ಆಪಾ.

ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ನನ್ನ ಮದುವಿ ಮಾಡ್ಕೊಂಡು ತಂದಾಗ ಯಾರೂ ಒಲಿ ಸುತ್ತ ತಿರುಗಿಸಲಿಲ್ಲ ಆಪಾ. ಆದ್ರೂ ಎಲ್ಲೂ ಹೋಗಲಿಲ್ಲ ನೋಡ್ರಿ, ಅದ ಒಲಿ ಮುಂದ ಅದೀನಿ."

ಮೂರನೇ ಸುತ್ತು ಮುಗಿಸಿ ಬೆಕ್ಕನ್ನು ಇಳಿಸಿದೆ.

"ಇನ್ನ ಹೊಡದು ಓಡಿಸಿದ್ರೂ ಹೋಗಂಗಿಲ್ಲ" ಎನ್ನುತ್ತ ಆಪಾ ಹೊರಟರು. ಬೀಗ ತೆಗೆದು ಒಬ್ಬರು ಹಾಯುವಷ್ಟು ಗ್ರಿಲ್ ಸರಿಸಿದೆ. ಅವರ ಕಾಲ ಸಂದಿಯಲ್ಲಿ ಏನೋ ಸುಳಿದಂತಾಯಿತು. ಬೆಕ್ಕು ಹೋಗಿತ್ತು.

ಹೆಂಡತಿಯ ನಗು ನಿಂತಿತು. ಕಣ್ಣು ಮಂಜಾದವಳು, ಕಟಾಂಜನ ಹಿಡಿದು ಬೀದಿಗೆ ಮುಖ ಮಾಡಿ ಬೆಕ್ಕನ್ನು ಕೂಗತೊಡಗಿದಳು. ನಾನು ಬರಿಗಾಲಲ್ಲಿ ಇಳಿದು ಗೇಟು ದಾಟಿ ಕಿರಾಣಿ ಅಂಗಡಿ, ಗಟಾರ, ನಿಂತ ಲಾರಿಯ ಅಡಿ ಎಲ್ಲ ನೋಡಿದೆ. ಹೆದ್ದಾರಿಯ ಹಾರ್ನು ಕೇಳುತ್ತಿತ್ತು. ಆ ದಿಕ್ಕಿಗೇ ಹೊರಟಿದ್ದೆ.

"ಅಣ್ಣಾರ, ಎಲ್ಲಿಗೆ ಹೊಂಟ್ರಿ? ಇಲ್ಲಿ ಬರ್ರಿ!" ಆಪಾ ಗೇಟಿನಿಂದ ಕರೆದರು.

ಮೆಟ್ಟಿಲ ಅಡಿಯ ಕತ್ತಲಲ್ಲಿ ನಾಯಿ ಮುಂಗಾಲು ಚಾಚಿ ಮಲಗಿತ್ತು. ಅದರ ಹೊಟ್ಟೆಯ ಮಡಿಕೆಯಲ್ಲಿ ಬೆಕ್ಕು, ಹಂಡೆಯ ಒಲೆಯ ಮುಂದೆ ಬಿದ್ದುಕೊಳ್ಳುತ್ತಿದ್ದಂತೆಯೇ. ನಾಯಿ ಅದರ ಕಿವಿ ನೆಕ್ಕುತ್ತಿತ್ತು. ಗೇಟು ಹಾರು ಹೊಡೆದಿತ್ತು, ಬೀದಿ ಎದುರಿಗೇ ಇತ್ತು. ಬೆಕ್ಕು ಆ ಕಡೆ ತಲೆ ಕೂಡ ಎತ್ತಲಿಲ್ಲ.

"ನೀವು ಆ ಒಲಿ ಯಾಕ ಇಳಿಸಿದ್ರಿ?" ಎಂದರು ಆಪಾ. "ಇದರ ಒಲಿ ಇಲ್ಲಿ ಐತಿ."

"ಇಳಿಸಾಕ ಹಚ್ಚಿದವರು ನೀವ" ಎಂದೆ.

"ನಾ ಸುತ್ತು ಹಾಕ್ರಿ ಅಂದೆ. ಯಾ ಒಲಿಗೆ ಅಂತ ನೀವ ತಿಳ್ಕೋಬೇಕು."

ಮೇಲಿನಿಂದ ಹೆಂಡತಿ ಕೇಳಿದಳು, "ಸಿಕ್ತೇನ್ರಿ?" ಸಿಕ್ಕಿತು ಎಂದೆ. ಅವಳು ಬುಟ್ಟಿ ಇಳಿಬಿಟ್ಟಳು. ಒಳಗೆ ಹಾಲಿನ ಬಟ್ಟಲಿತ್ತು. ಅರ್ಧ ಬೆಕ್ಕು ಕುಡಿಯಿತು, ಉಳಿದದ್ದನ್ನು ನಾಯಿ ಬಿಡಲಿಲ್ಲ.

ನಾಯಿ ಮೇಲೆ ಬರುವಂತಿಲ್ಲ, ನಾವು ಕೆಳಗೆ ಇರುವಂತಿಲ್ಲ. ಅದು ಬದಲಾಗಲಿಲ್ಲ. ಅಡ್ಡಾಡಬಲ್ಲದ್ದು ಬೆಕ್ಕು ಒಂದೇ. ಇಕ್ಕಳ ತಂದು ಗ್ರಿಲ್ಲಿನ ಕೆಳಗೆ ಬಿಗಿದಿದ್ದ ಜಾಳಿಗೆಯ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದೆ. ಬಿಗಿಯುವಾಗ ಎಷ್ಟು ಅಚ್ಚುಕಟ್ಟಾಗಿ ಬಿಗಿದಿದ್ದೆನೋ ಬಿಚ್ಚಲು ಅಷ್ಟೇ ಹೊತ್ತು ಹಿಡಿಯಿತು. ಒಲೆಯನ್ನು ಕಟ್ಟೆಗೇರಿಸಿ, ರೆಗ್ಯುಲೇಟರ್ ಕೂರಿಸಿ, ಸೋಪಿನ ನೀರು ಹಚ್ಚಿ ಸೋರಿಕೆ ನೋಡಿದೆ. ತಡವಾಗಿ ಊಟ ಮಾಡಿದೆವು. ಬೆಕ್ಕು ಮೇಲೆ ಬಂದು, ಹೆಂಡತಿಯ ಮಡಿಲಲ್ಲಿ ಕೊಂಚ ಹೊತ್ತು ಕುಳಿತು, ಸರಳಿನ ಸಂದಿಯಲ್ಲಿ ನುಸುಳಿ ಕೆಳಗೆ ಹೋಯಿತು.

ನಾವಿಬ್ಬರು ಒಳಗೆ. ಚಿಲಕ ಹಾಕಿ, ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ಮೊಳೆಗೆ ಸಿಕ್ಕಿಸಿದೆ.