ಫೋಟೋದಲ್ಲಿ ಹನ್ನೊಂದು ಜನ

ನಮ್ಮ ಬೆಟ್ಟ ಹತ್ತುವ ಗುಂಪಿನಲ್ಲಿ ಫೋಟೋ ತೆಗೆಯುವವಳು ನಾನು. ಭಾನುವಾರ ಬೆಳಗಿನ ಜಾವ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ವ್ಯಾನ್ ಹತ್ತಿದರೆ ಸಂಜೆಗೆ ವಾಪಸು. ವರ್ಷಕ್ಕೊಮ್ಮೆ ರಜೆ ಹೊಂದಿಸಿಕೊಂಡು ನೇಪಾಳಕ್ಕೋ ಶ್ರೀಲಂಕಾಕ್ಕೋ ಹೋಗುವುದೂ ಉಂಟು. ಗುಂಪಿನ ಯಜಮಾನರು ಶಿವಾಜಿನಗರದಲ್ಲಿ ಬೀಗ, ಚಿಲಕ ಮಾರುವವರು. ಎಲ್ಲರಿಗೂ ಅವರು ಭಾಯ್. ಪ್ರತಿ ಸಲ ಬರುವ ಜನ ಬೇರೆ ಬೇರೆ ಆದ್ದರಿಂದ ಭಾಯ್ ಒಂದು ಪದ್ಧತಿ ಮಾಡಿದ್ದರು. ಬೆಟ್ಟದ ಬುಡದಲ್ಲಿ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ. ಅದನ್ನು ನಾನು ಅಲ್ಲೇ ಅವರ ಮೊಬೈಲಿಗೆ ಕಳಿಸಬೇಕು. ಇಳಿದು ಬಂದ ಮೇಲೆ ಅವರು ಅದನ್ನು ನೋಡಿಕೊಂಡು ವ್ಯಾನಿನ ಹಿಂದಿನ ಸೀಟುಗಳಲ್ಲಿ ತಲೆ ಎಣಿಸುತ್ತಾರೆ. ತಾಳೆಯಾದರೆ ಹೊರಡುವುದು.

ನಾನು ಕೂರುವುದು ಮುಂದೆ, ಡ್ರೈವರ್ ಪಕ್ಕ, ಕ್ಯಾಮೆರಾ ಚೀಲ ತೊಡೆಯ ಮೇಲಿಟ್ಟುಕೊಂಡು.

ಫೋಟೋ ತೆಗೆಯುವಾಗ ನನ್ನ ಬಾಯಿ ಜೋರು. ಕಣ್ಣು ಮುಚ್ಚಿದವರಿಗೆ, ಬೆನ್ನು ಬಾಗಿಸಿ ನಿಂತವರಿಗೆ ಬೈಗುಳ ತಪ್ಪಿದ್ದಲ್ಲ. "ನೀವೂ ಬನ್ನಿ ಮೇಡಂ, ಟೈಮರ್ ಇಡಿ," ಅಂತ ಭಾಯ್ ಎಷ್ಟೋ ಸಲ ಕರೆದಿದ್ದರು. "ನನ್ನ ಮುಖ ನೋಡಿ ಯಾರಿಗೇನಾಗ್ಬೇಕು ಭಾಯ್? ನೀವು ನೆಟ್ಟಗೆ ನಿಂತ್ಕೊಳ್ಳಿ," ಅಂದುಬಿಡುತ್ತಿದ್ದೆ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಕಳೆದ ಮಳೆಗಾಲದಲ್ಲಿ ಕೋಲಾರದ ಕಡೆಯ ಒಂದು ಬಂಡೆಬೆಟ್ಟಕ್ಕೆ ಹೋಗಿದ್ದೆವು. ಹತ್ತುವಾಗ ಕುರಿ ಮೇಯಿಸುತ್ತಿದ್ದ ಅಜ್ಜ, "ಸಂಜೆಗೆ ಕರಡಿ ಇಳೀತವೆ, ಬಿರ್ನೆ ಬಂದ್ಬಿಡಿ," ಅಂದಿದ್ದ. ನಾವು ನಕ್ಕು ಮುಂದೆ ಹೋದೆವು. ಇಳಿಯುವಾಗ ಮಂಜು ಸರಿದು ಕೆಳಗಿನ ಕೆರೆ ಕಾಣಿಸಿತು. ಎರಡೇ ಎರಡು ಫೋಟೋ ಅಂದುಕೊಂಡು ಹಿಂದೆ ಉಳಿದೆ. ಒದ್ದೆ ಬಂಡೆಯ ಮೇಲೆ ಕಾಲು ಜಾರಿ ಸೀಳಿನೊಳಗೆ ಸಿಕ್ಕಿತು. ಹೇಗೋ ಎಳೆದುಕೊಂಡೆ, ಆದರೆ ಪಾದ ಊರಲು ಆಗಲಿಲ್ಲ. ಕೂಗಿದೆ. ಮಂಜು ಮತ್ತೆ ಮುಚ್ಚಿಕೊಂಡಿತ್ತು, ಯಾರೂ ಓಗೊಡಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ಮೊದಲ ಅರ್ಧ ಗಂಟೆ ನನಗೆ ಹೆದರಿಕೆ ಆಗಲಿಲ್ಲ, ನಿಜವಾಗಿ. ನೋವಿತ್ತು, ಸಿಟ್ಟಿತ್ತು. ಕೆಳಗೆ ಭಾಯ್ ಎಣಿಸುತ್ತಾರೆ, ಒಬ್ಬರು ಕಡಿಮೆ ಬರುತ್ತದೆ, ಹುಡುಕಿಕೊಂಡು ಮೇಲೆ ಬರುತ್ತಾರೆ. ಹೊತ್ತು ಕಳೆಯಲೆಂದು ಕ್ಯಾಮೆರಾ ತೆರೆದು ಬೆಳಗಿನ ಗುಂಪು ಫೋಟೋ ನೋಡಿದೆ. ಯಾರು ಮೊದಲು ನನ್ನ ಹೆಸರು ಹಿಡಿದು ಕೂಗಬಹುದು ಅಂತ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದೆ. ಹನ್ನೊಂದು ಮುಖ. ವ್ಯಾನಿನಲ್ಲಿ ಬಂದಿದ್ದು ಹನ್ನೆರಡು ಜನ.

ಹನ್ನೆರಡನೆಯವಳು ನಾನು. ಕೆಳಗೆ ಯಾರೂ ಕಡಿಮೆ ಬರುವುದಿಲ್ಲ. ಡ್ರೈವರ್ ಬೇರೆ ಹೊಸಬ, ನಾನು ಹಿಂದೆ ಕೂತಿದ್ದೇನೆ ಅಂದುಕೊಂಡಾನು.

ಆಮೇಲೆ ಕೇಳಿದ ಪ್ರತಿ ಸದ್ದೂ ಕರಡಿಯದೇ. ಪೊದೆ ಅಲುಗಿದರೆ ಉಸಿರು ಹಿಡಿಯುತ್ತಿದ್ದೆ. ಒಂದು ಸಲ ಹತ್ತಿರದಲ್ಲೇ ಕಲ್ಲು ಉರುಳಿತು. ಕೂಗಲು ಬಾಯಿ ತೆರೆದವಳು ಹೆದರಿ ಮುಚ್ಚಿಕೊಂಡೆ. ಕೂಗಿದರೆ ಬರುವುದು ಯಾರೋ ಗೊತ್ತಿಲ್ಲವಲ್ಲ. ಅಂಡೂರಿಕೊಂಡೇ ತೆವಳಿದೆ. ಎಡಕ್ಕೆ ಎಷ್ಟು ಆಳವಿದೆಯೋ ಮಂಜಿನಲ್ಲಿ ತಿಳಿಯದೆ ನಾಲ್ಕು ಮಾರು ಹೋಗಿ ಅಲ್ಲೇ ಉಳಿದೆ. ಬೆಳಕು ಕಂದುತ್ತಿತ್ತು. ಐವತ್ತು ದಾಟಿದ ಹೆಂಗಸು, ಕ್ಯಾಮೆರಾ ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತೆ.

"ಮೇಡಂ! ಮೇಡಂ!" ಅನ್ನುವ ದನಿ ಕೇಳಿತು. ಭಾಯ್ ಮೊಣಕಾಲು ತರಚಿಕೊಂಡು ಓಡಿ ಬಂದಿದ್ದರು, ಹಿಂದೆ ಇನ್ನಿಬ್ಬರು. ವ್ಯಾನ್ ಹೊರಟು ಹೆದ್ದಾರಿ ಮುಟ್ಟಿತ್ತಂತೆ. ಅಲ್ಲಿ ಚಹಾ ಅಂಗಡಿ ಮುಂದೆ, ಎಂದಿನಂತೆ ಫೋಟೋಕ್ಕೆಂದು, ಎಲ್ಲರೂ ಲೋಟ ಎತ್ತಿ ಸಾಲಾಗಿ ನಿಂತರಂತೆ. ನಗುತ್ತಾ ನಿಂತೇ ಇದ್ದರಂತೆ. ಎದುರಿಗೆ ಬೈಯುವವರು ಯಾರೂ ಇರಲಿಲ್ಲ.

"ಲೆಕ್ಕ ಸರಿ ಇತ್ತು ಮೇಡಂ," ಭಾಯ್ ನನ್ನ ಪಕ್ಕ ಕುಸಿದು ಕೂತು ಅದನ್ನೇ ಹೇಳಿದರು. "ಅಲ್ಲಾ ಕಸಂ, ಎರಡು ಸಲ ಎಣಿಸ್ದೆ. ಸರಿ ಇತ್ತು."

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಜೀವನ್ ಬಿಮಾ ನಗರದ ಮನೆಯಲ್ಲಿ ಕೂತಿದ್ದಾಗ ಹಳೆಯ ಫೋಟೋಗಳನ್ನೆಲ್ಲ ತೆರೆದೆ. ತೆರೆಯಬಾರದಿತ್ತು. ನೇಪಾಳದ ಹಿಮದ ದಾರಿಯ ಬುಡದಲ್ಲಿ ಒಂಬತ್ತು ಜನ ನಗುತ್ತಿದ್ದಾರೆ. ಹೋಗಿದ್ದು ನಾವು ಹತ್ತು ಮಂದಿ. ಆ ದಿನ ಫೋಟೋದ ಆಸೆಗೆ ಎಲ್ಲರಿಗಿಂತ ಹಿಂದೆ ಬಿದ್ದು, ಹಿಮದಲ್ಲಿ ಎರಡು ಗಂಟೆ ಒಬ್ಬಳೇ ನಡೆದಿದ್ದೆ. ಜಾರಿದರೂ ಪರವಾಗಿಲ್ಲ, ಕೆಳಗೆ ಎಣಿಸುವವರಿದ್ದಾರೆ ಅಂತ ಹಾಡು ಗುನುಗುತ್ತಾ ನಡೆದಿದ್ದು ಚೆನ್ನಾಗಿ ನೆನಪಿದೆ. ನಾನು ಇಳಿದು ಬರುವಷ್ಟರಲ್ಲಿ ಭಾಯ್ ಎಣಿಸಿ ಮುಗಿಸಿದ್ದರು. ಒಂಬತ್ತಕ್ಕೆ ಒಂಬತ್ತು, ಸರಿ ಇತ್ತು.